ಸಮ್ಹುರಂನಲ್ಲಿ ಶ್ರಾವಣ ಸೋಮವಾರ

ಹಾಳು ಊರು ನೋಡಲೆಂದು ಬುತ್ತಿ ಕಟ್ಟಿಕೊಂಡು ಹೋಗುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಇದಕ್ಕೆ ಕಾರಣ ಇದೆ. ನಾನು ಹುಟ್ಟಿದ್ದೇ ಒಂದು ಹಾಳು ಊರಿನಲ್ಲಿ. ಮಲಪ್ರಭೆಯ ದಂಡೆಯ ಆ ಊರಲ್ಲಿ ಮನೆಗಿಂತ ಗುಡಿಗಳು ಹೆಚ್ಚು. ನಮ್ಮ ಅಜ್ಜನ ಸಂಸಾರ ಇದ್ದದ್ದು ಚಾಲುಕ್ಯರ ಕಾಲದ ಗುಡಿಯೊಂದರಲ್ಲಿ. ಗರ್ಭಗುಡಿಯಲ್ಲಿ ಜೋಳದ ಚೀಲ, ನಡುವಿನ ಕಂಬಕ್ಕೆ ಎಮ್ಮೆ, ಮುಖಮಂಟಪದಲ್ಲಿ ನಾವು. ಸಾವಿರ ವರ್ಷದ ಕಂಬ ಅಂತ ಎಮ್ಮೆಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಆಮೇಲೆ ಸರಕಾರದವರು ಬಂದು ನಮ್ಮನ್ನೂ ಎಮ್ಮೆಯನ್ನೂ ಹೊರಗೆ ಹಾಕಿ, ಸುತ್ತ ತಂತಿ ಬೇಲಿ ಕಟ್ಟಿ, ಹುಲ್ಲು ಬೆಳೆಸಿದರು. ನಾವಿದ್ದಾಗ ಬಾರದ ಜನ ಬಸ್ಸುಗಟ್ಟಲೆ ಬರತೊಡಗಿದರು. ಕಂಬ ಸವರಿ ‘ಅಬ್ಬಾ’ ಅನ್ನುತ್ತಿದ್ದರು. ಆ ನುಣುಪು ನಮ್ಮ ಎಮ್ಮೆ ಮೈ ತಿಕ್ಕಿ ಬಂದದ್ದು ಎಂದು ಹೇಳಬೇಕೆನಿಸುತ್ತಿತ್ತು.

ಇಂಥ ನನಗೆ ಒಮಾನಿನಲ್ಲಿ, ಎರಡು ಸಾವಿರದ ದಶಕದ ನಡುವಿನ ಒಂದು ಮಳೆಗಾಲದಲ್ಲಿ, ಮತ್ತೊಂದು ಹಾಳು ಊರು ನೋಡುವ ಯೋಗ ಬಂತು. ಮನಸ್ಸಿನಿಂದ ಹೋದದ್ದಲ್ಲ. ವೀಸಾ ಎಳೆದುಕೊಂಡು ಹೋಯಿತು.

ನನ್ನ ಗಂಡ ಡಿಪ್ಲೊಮಾ ಮುಗಿಸಿ ಮಸ್ಕತ್ತಿಗೆ ಬಂದವರು. ಅಲ್ಲಿನ ಬಡಾವಣೆ ಅಲ್ ಖುವೈರ್‌ನ ಕಚೇರಿ ಕಟ್ಟಡಗಳ ಏಸಿ ಪ್ಲಾಂಟುಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್. ಅವರ ಹುದ್ದೆಗೆ ಹೆಂಡತಿಯನ್ನು ಕಾಯಂ ಆಗಿ ಕರೆಸಿಕೊಳ್ಳುವ ವೀಸಾ ಸಿಗುತ್ತಿರಲಿಲ್ಲ. ಹಾಗಾಗಿ ನಾನು ವಿಸಿಟ್ ವೀಸಾದ ಮೇಲೆ ಬರುವುದು, ಅದು ಮುಗಿಯುತ್ತಲೇ ಊರಿಗೆ ಹೋಗಿ ಅತ್ತೆಯ ಎದುರು ಕೂರುವುದು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಒಂದೇ ಸೂರಿನಡಿ ಇದ್ದದ್ದನ್ನೆಲ್ಲ ಕೂಡಿಸಿದರೂ ವರ್ಷ ತುಂಬುತ್ತಿರಲಿಲ್ಲ. ಆ ಸಲ ಅವರಿಗೆ ಸೊಹಾರ್‌ನಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು. ಸೂಪರ್‌ವೈಸರ್ ಹುದ್ದೆ, ಜೊತೆಗೆ ಫ್ಯಾಮಿಲಿ ವೀಸಾ. ಆದರೆ ಹಳೆಯ ಕಂಪನಿಯ ಕಫೀಲ್, ಅಂದರೆ ವೀಸಾಕ್ಕೆ ಜವಾಬ್ದಾರನಾದ ಒಮಾನಿ ಮಾಲೀಕ, ‘ನನ್ನ ಅಭ್ಯಂತರ ಇಲ್ಲ’ ಎಂದು ಎನ್ಒಸಿ ಕೊಡಬೇಕು. ಕೊಡದಿದ್ದರೆ ಹಳೆಯ ಕೆಲಸದಲ್ಲೇ ಕೊಳೆಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ನನ್ನ ವಿಸಿಟ್ ವೀಸಾ ಮುಗಿಯುತ್ತ ಬಂದಿತ್ತು. ಎನ್ಒಸಿ ಬಂದರೆ ಗಂಡನ ಜೊತೆ ಬಾಳು, ಬಾರದಿದ್ದರೆ ಮತ್ತೆ ಫೋನಿನಲ್ಲಿ ಸಂಸಾರ.

ಕಫೀಲ್ ಕಚೇರಿಗೆ ಬರುತ್ತಿದ್ದುದೇ ಅಪರೂಪ. ಬಂದರೂ ಕೇಳುತ್ತಿದ್ದುದು ಮ್ಯಾನೇಜರನ ಮಾತು ಮಾತ್ರ. ಮ್ಯಾನೇಜರ ಮೈಸೂರಿನವನು. ‘ಅವನು’ ಎಂದೇ ಬರೆಯುತ್ತೇನೆ. ‘ಅವರು’ ಎನ್ನುತ್ತಿದ್ದ ಕಾಲದಲ್ಲಿ ಅವನ ಕೈಯಿಂದ ಆಗಬೇಕಾದ ಕೆಲಸವಿತ್ತು, ಈಗ ಇಲ್ಲ. ಎನ್ಒಸಿ ಮಾತೆತ್ತಿದಾಗಲೆಲ್ಲ ಅವನು ಕನ್ನಡಕ ಒರೆಸಿಕೊಂಡು “ನೋಡೋಣ, ನೋಡೋಣ” ಅನ್ನುತ್ತಿದ್ದ. ಆಗಸ್ಟಿನಲ್ಲಿ ಒಂದು ದಿನ ತಾನಾಗಿ ಹೇಳಿದ: “ಖರೀಫ್ ಮಳೆ ನೋಡೋಕೆ ಸಲಾಲಾಕ್ಕೆ ಹೊರಟಿದೀವಿ. ನೀವಿಬ್ಬರೂ ಬನ್ನಿ. ದಾರೀಲಿ ನಿಮ್ಮ ವಿಷಯಾನೂ ಮಾತಾಡಬಹುದು. ನಿಮಗೆ ಲಾಂಗ್ ಡ್ರೈವ್ ಅಭ್ಯಾಸ ಇದೆ ಅಲ್ವಾ?”

ಕೊನೆಯ ವಾಕ್ಯದಲ್ಲೇ ಆಮಂತ್ರಣದ ಅರ್ಥವೆಲ್ಲ ಇತ್ತು. ಮಸ್ಕತ್ತಿನಿಂದ ಸಲಾಲಾಕ್ಕೆ ಸಾವಿರ ಕಿಲೋಮೀಟರು, ಬಹುಪಾಲು ಮರಳುಗಾಡು. ಅವನ ಪಜೇರೋ ಓಡಿಸಲು ಒಬ್ಬ ಬೇಕಾಗಿದ್ದ.

ಹೊರಟೆವು. ಮುಂದೆ ನನ್ನ ಗಂಡ ಸ್ಟಿಯರಿಂಗ್ ಹಿಡಿದರೆ ಪಕ್ಕದಲ್ಲಿ ಮ್ಯಾನೇಜರನ ಬಾಯಿ ತೆರೆದ ನಿದ್ದೆ. ಹಿಂದೆ ಅವನ ಹೆಂಡತಿ, ನಾನು, ನಮ್ಮಿಬ್ಬರ ನಡುವೆ ಅವಳ ಪೂಜೆಯ ಡಬ್ಬಿ. ಡಬ್ಬಿಗೆ ಸೀಟ್ ಬೆಲ್ಟ್ ಹಾಕಿದ್ದಳು, ನನಗೆ ಸಿಕ್ಕಿರಲಿಲ್ಲ. ಶ್ರಾವಣದ ಸೋಮವಾರ ಶಿವಪೂಜೆ ತಪ್ಪಿಸುವುದಿಲ್ಲವೆಂದು ವ್ರತವಂತೆ. ಸೋಮವಾರ ಸಲಾಲಾದಲ್ಲಿ ಇರುತ್ತೇವೆ, ಏನು ಮಾಡಲಿ ಎಂಬ ಚಿಂತೆ ಮಸ್ಕತ್ತಿನಲ್ಲಿ ಶುರುವಾದದ್ದು ಅರ್ಧದಾರಿಯ ಹೈಮಾ ದಾಟಿದರೂ ಮುಗಿಯಲಿಲ್ಲ. ನಡುನಡುವೆ ಪುಳಿಯೋಗರೆ ಹಂಚುತ್ತ ನನ್ನನ್ನು ಮಾತಾಡಿಸುತ್ತಿದ್ದಳು, ನಾನು ಹೇಳುವುದನ್ನು ಕೇಳಲಿಕ್ಕಲ್ಲ, ಹೇಗೆ ಹೇಳುತ್ತೇನೆಂದು ಕೇಳಲಿಕ್ಕೆ.

“ಇನ್ನೊಂದು ಸಲ ಹೇಳಿ! ‘ಬ್ಯಾಡ್ರಿ, ಹೊಟ್ಟಿ ತುಂಬೇತ್ರಿ.’ ರೀ, ಕೇಳಿದ್ರಾ? ಎಷ್ಟು ಮಜವಾಗಿದೆ ಇವರ ಭಾಷೆ!”

ಮ್ಯಾನೇಜರ ಒಂದು ಕಣ್ಣು ತೆರೆದು, “ಅದೂ ಕನ್ನಡಾನೇ ಕಣೇ. ಸ್ವಲ್ಪ ಒರಟು, ಅಷ್ಟೇ,” ಎಂದು ತೀರ್ಪು ಕೊಟ್ಟು ಮತ್ತೆ ಮಲಗಿದ. ಏಳುತ್ತಿದ್ದುದು ಪೆಟ್ರೋಲ್ ಬಂಕ್ ಬಂದಾಗ ಮತ್ತು ಉಪದೇಶ ಹೊಳೆದಾಗ. ನನ್ನ ಗಂಡ ಎಲ್ಲದಕ್ಕೂ “ಹೌದ್ರಿ ಸರ್” ಅನ್ನುತ್ತಿದ್ದರು. ಒಂಟೆ ಅಡ್ಡ ಬಂದಾಗ ಹಾರ್ನ್ ಹೊಡೆಯಬಾರದು ಎಂದರೂ ಹೌದ್ರಿ ಸರ್, ಹೊಡೆಯಬೇಕು ಎಂದರೂ ಹೌದ್ರಿ ಸರ್. ಕೇಳಿ ಕೇಳಿ ನನ್ನ ಹೊಟ್ಟೆ ಉರಿಯುತ್ತಿತ್ತು. ನಾನು ಮದುವೆಯಾದವನಿಗೆ ಬೆನ್ನುಮೂಳೆ ಇತ್ತು ಎಂದು ನನ್ನ ನೆನಪು.

ಸಲಾಲಾದ ಬಗ್ಗೆ ಎರಡು ಮಾತು ಸಾಕು. ಕೊಲ್ಲಿಯ ದೇಶಗಳಲ್ಲೆಲ್ಲ ಜನ ಬೇಯುತ್ತಿರುವಾಗ ಅಲ್ಲಿ ಜಿಟಿಜಿಟಿ ಮಳೆ, ಮಂಜು, ಹಸಿರು ಗುಡ್ಡ. ಅದನ್ನು ನೋಡಲು ದುಬೈಯಿಂದ, ಕುವೈತಿನಿಂದ ಸಂಸಾರ ಸಮೇತ ಬಂದು, ಕೆಸರಿನಲ್ಲಿ ಕಂಬಳಿ ಹಾಸಿ, ನೆನೆಯುತ್ತ ಕೂತು ಕೋಳಿ ಸುಡುತ್ತಾರೆ. ಮಳೆಯಲ್ಲಿ ನೆನೆದರೆ ಬೈಸಿಕೊಂಡು ಬೆಳೆದ ನನಗೆ ಇದು ದುಡ್ಡಿದ್ದವರ ಹುಚ್ಚಾಗಿಯೇ ಕಂಡಿತು.

ಸೋಮವಾರ ಬೆಳಿಗ್ಗೆ ಮ್ಯಾನೇಜರ ಘೋಷಿಸಿದ: “ಇವತ್ತು ಸಮ್ಹುರಂ. ಎರಡು ಸಾವಿರ ವರ್ಷದ ಪಟ್ಟಣ. ಧೂಪದ ವ್ಯಾಪಾರ ನಡೀತಿದ್ದ ಬಂದರು. ಬೈಬಲ್ಲಿನ ಶೀಬಾ ರಾಣಿದು ಅಂತಾರೆ.”

ಅಲ್ಲಿ ಹೋಗಿ ನೋಡಿದರೆ ಇದ್ದದ್ದು ಸೊಂಟದೆತ್ತರದ ಗೋಡೆಗಳು. ಕೋಣೆ ಕೋಣೆಯಾಗಿ ಕಲ್ಲು, ಕಲ್ಲಿನ ನಡುವೆ ಹುಲ್ಲು, ಕೆಳಗೆ ಹಿನ್ನೀರು, ಅದರಾಚೆ ಸಮುದ್ರ, ದಂಡೆಯಲ್ಲಿ ಒಂಟೆಗಳು. ಇಟಲಿಯವರು ವರ್ಷ ವರ್ಷವೂ ಬಂದು ಅಗೆಯುತ್ತಾರಂತೆ. ಒಂದು ಶಿಖರವಿಲ್ಲ, ಒಂದು ಕೆತ್ತಿದ ಕಂಬವಿಲ್ಲ. ನಮ್ಮೂರಿನ ದನದ ಕೊಟ್ಟಿಗೆಯಲ್ಲಿ ಇದಕ್ಕಿಂತ ಹೆಚ್ಚು ಇತಿಹಾಸವಿತ್ತು ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

ಬಾಗಿಲ ಬಳಿಯ ಗೋಡೆಯಲ್ಲಿ ಹಳೆಯ ಲಿಪಿಯ ಒಂದು ಶಾಸನ ಇತ್ತು. ಮ್ಯಾನೇಜರ ಛತ್ರಿಯ ತುದಿಯಿಂದ ಅದನ್ನು ತೋರಿಸಿ, “ನೋಡಿದ್ರಾ? ಥೇಟ್ ನಮ್ಮ ಬ್ರಾಹ್ಮಿ. ಇದನ್ನ ಕಟ್ಟಿದೋರು ನಮ್ಮೋರೇ. ಇಟಲಿಯವರಿಗೆ ಇದೆಲ್ಲಿ ಗೊತ್ತಾಗುತ್ತೆ?” ಎಂದ.

“ಹೌದ್ರಿ ಸರ್,” ಎಂದರು ನನ್ನ ಗಂಡ.

ನಮ್ಮವರೇ ಎಂಬ ಈ ಒಂದು ಮಾತೇ ಸಾಕಾಯಿತು. ಅವನ ಹೆಂಡತಿ ಪೂಜೆಯ ಡಬ್ಬಿ ಎದೆಗವಚಿಕೊಂಡು ಕಲ್ಲು ಕಲ್ಲನ್ನೂ ಪರೀಕ್ಷಿಸುತ್ತ ಹೊರಟಳು. ಹಿಂದಿನ ಗೋಡೆಯ ಮೂಲೆಯಲ್ಲಿ ನಿಂತು, “ಅಯ್ಯೋ ಭಗವಂತ! ಬನ್ರೀ ಇಲ್ಲಿ!” ಎಂದು ಕೂಗಿದಳು. ಅಲ್ಲಿ ಚೌಕವಾದ ಒಂದು ಹಾಸು, ಅದರ ನಡುವೆ ಮೊಣಕಾಲೆತ್ತರದ ದುಂಡನೆಯ ಮೋಟು, ಮೇಲೆಲ್ಲ ಹಸಿರು ಪಾಚಿ. ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು: “ಶಿವ! ಸೋಮವಾರದ ದಿನ ತಾನಾಗೇ ಕಾಣಿಸಿಕೊಂಡಿದಾನೆ.”

ಲಿಂಗಗಳ ನಡುವೆಯೇ ಬೆಳೆದವಳು ನಾನು. ಪೀಠ ಹೇಗಿರುತ್ತದೆ, ನೀರು ಹೋಗುವ ಹರಿನಾಳ ಎಲ್ಲಿರುತ್ತದೆ ಎಂದು ಗೊತ್ತು. “ಅದು ಲಿಂಗ ಅಲ್ರಿ, ಬರೇ ಮೋಟು ಐತಿ,” ಎಂದೆ.

ಅವಳು ನನ್ನನ್ನು ಕರುಣೆಯಿಂದ ನೋಡಿದಳು. “ನಿಮ್ಮ ಕಡೆ ಇದಕ್ಕೆಲ್ಲ ಅಷ್ಟೊಂದು ಮಡಿ, ಶಾಸ್ತ್ರ ಇರಲ್ಲ ಅಲ್ವಾ? ಬಿಡಿ, ನಿಮಗೆ ಗೊತ್ತಾಗಲ್ಲ.”

ಪೂಜೆ ಶುರುವಾಯಿತು. ವಿಭೂತಿ, ಕುಂಕುಮ, ಮೂರು ಒಣಗಿದ ಬಿಲ್ವಪತ್ರೆ. ಅಭಿಷೇಕಕ್ಕೆ ಹಾಲು ಬೇಕಿತ್ತು. ಬೆಳಿಗ್ಗೆ ದಾರಿಯ ಅಂಗಡಿಯಲ್ಲಿ, “ನನಗೆ ಅರಬ್ಬಿ ಓದೋಕೆ ಬರುತ್ತೆ, ನೀವಿರಿ,” ಎಂದು ನನ್ನ ಗಂಡನನ್ನು ಕಾರಿನಲ್ಲೇ ಕೂರಿಸಿ ಮ್ಯಾನೇಜರನೇ ಕೊಂಡು ತಂದಿದ್ದ ಡಬ್ಬಿ ಅದು. ಸುರಿದರೆ ಗಟ್ಟಿಯಾಗಿ ಇಳಿಯಿತು, ಹುಳಿ ವಾಸನೆ ಬಂತು. ಅವನು ತಂದದ್ದು ಲಬಾನ್. ಇಲ್ಲಿನವರು ಊಟದ ಜೊತೆ ಕುಡಿಯುವ ಮಜ್ಜಿಗೆ. ಹೊಸದಾಗಿ ಬಂದ ಭಾರತೀಯರು ಅದನ್ನು ಹಾಲೆಂದು ತಂದು ಚಹಾ ಕೆಡಿಸಿಕೊಳ್ಳುವುದು ಮಾಮೂಲು. ಹದಿನೈದು ವರ್ಷ ಒಮಾನಿನಲ್ಲಿದ್ದು ಅದನ್ನು ದೇವರ ತಲೆಗೆ ಸುರಿದವನು ಇವನೊಬ್ಬನೇ ಇರಬೇಕು. ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದೆ.

“ಮೊಸರೂ ಪಂಚಾಮೃತದಲ್ಲಿ ಸೇರುತ್ತೆ,” ಎಂದು ಅವನು ಹೆಂಡತಿಗೆ ಸಮಾಧಾನ ಹೇಳಿದ. ನಾಚಿಕೆ ಎಂಬುದು ಅವನ ಹತ್ತಿರ ಸುಳಿಯಲೂ ಇಲ್ಲ.

ಕೊನೆಗೆ ಕಾಯಿ ಒಡೆಯಬೇಕು. ಸಲಾಲಾದ ರಸ್ತೆ ಬದಿಯ ಅಂಗಡಿಯಲ್ಲಿ ಕೊಂಡ ಎಳನೀರು ಬಿಟ್ಟು ಬೇರೆ ಕಾಯಿ ಇರಲಿಲ್ಲ. ಎಳನೀರನ್ನು ಮಚ್ಚಿನಿಂದ ಕೆತ್ತುತ್ತಾರೆಯೇ ಹೊರತು ಯಾರೂ ಕಲ್ಲಿಗೆ ಹೊಡೆದು ಒಡೆಯುವುದಿಲ್ಲ. ಅದನ್ನು ಹೇಳುವಷ್ಟರಲ್ಲಿ ಮ್ಯಾನೇಜರ ನನ್ನ ಗಂಡನ ಕೈಗೆ ಕೊಟ್ಟು, “ನೀವೇ ಒಡೀರಿ, ನಿಮಗೆ ಕೈಯಲ್ಲಿ ಬಲ ಇದೆ,” ಎಂದ. ನನ್ನ ಗಂಡ ಎರಡೂ ಕೈಯಿಂದ ಎತ್ತಿ ಹಾಸಿನ ಅಂಚಿಗೆ ಹೊಡೆದರು. ಕಾಯಿ ಒಡೆಯಲಿಲ್ಲ. ಕಲ್ಲು ಒಡೆಯಿತು. ಅಂಗೈಯಗಲದ ಚಕ್ಕೆ ಹಾರಿ ಹುಲ್ಲಿನಲ್ಲಿ ಬಿತ್ತು.

ನಾವು ನಾಲ್ವರೂ ಅದನ್ನೇ ನೋಡುತ್ತ ನಿಂತೆವು. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು.

ಕಾವಲುಗಾರ ಬರುತ್ತಿದ್ದ. ವಯಸ್ಸಾದ ಒಮಾನಿ, ದಿಶ್‌ದಾಶ ನಿಲುವಂಗಿಯ ಅಂಚು ಕೆಸರಾಗದಂತೆ ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದ, ಇನ್ನೊಂದು ಕೈಯಲ್ಲಿ ಕೋಲು. ಪರದೇಶದಲ್ಲಿ, ಸರಕಾರದ ಜಾಗದಲ್ಲಿ, ಎರಡು ಸಾವಿರ ವರ್ಷದ ಕಲ್ಲು ಒಡೆದಿದ್ದೇವೆ. ಪೊಲೀಸು, ಕೇಸು, ಆಮೇಲೆ ವೀಸಾ ರದ್ದು. ಎನ್ಒಸಿ ಹಾಗಿರಲಿ, ಇರುವ ಕೆಲಸವೂ ಹೋಯಿತು ಎಂದುಕೊಂಡೆ.

“ಯೇ ಕೌನ್ ಕಿಯಾ?” ಎಂದು ಕೇಳಿದ ಅವನು, ಕೊಲ್ಲಿಯಲ್ಲಿ ಎಲ್ಲರೂ ಆಡುವ ಹರಕು ಹಿಂದಿಯಲ್ಲಿ.

ಮ್ಯಾನೇಜರನ ಹೆಂಡತಿ ಕುಂಕುಮದ ಬಟ್ಟಲನ್ನು ಬ್ಯಾಗಿಗೆ ಸೇರಿಸಿದ ವೇಗ ಮೆಚ್ಚಬೇಕಾದದ್ದು. ಮ್ಯಾನೇಜರ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಗಂಡನತ್ತ ಕೈ ತೋರಿಸಿದ.

“ಹಮ್ ನಹೀ, ಸದೀಕ್. ಯೇ ಮೇರಾ ಡ್ರೈವರ್. ಅನ್‌ಪಢ್ ಆದ್ಮಿ. ಉಸ್ಕೋ ಕುಛ್ ಮಾಲೂಮ್ ನಹೀ.”

ನಾವಲ್ಲ ಗೆಳೆಯಾ, ಇವನು ನನ್ನ ಡ್ರೈವರ್, ಓದು ಬರಹ ಬಾರದವನು. ಬ್ರಾಹ್ಮಿ ಲಿಪಿ ಕಂಡುಹಿಡಿದ ಮಹಾಶಯನ ಬಾಯಿಂದ ಬಂದ ಮಾತು ಇದು. ಅವನನ್ನು ನಾನು ಮೊದಲು ಡೌಲಿನವನು ಎಂದುಕೊಂಡಿದ್ದೆ, ಆಮೇಲೆ ಪೆದ್ದ ಎಂದುಕೊಂಡಿದ್ದೆ. ಹೇಡಿ ಎಂಬುದೂ ಆವತ್ತು ಗೊತ್ತಾಯಿತು. ಕಾಲಲ್ಲಿದ್ದದ್ದು ಕೈಗೆ ಬರುವುದೊಂದು ಬಾಕಿ. ಬಾಯಿ ತೆರೆದು ಒಂದು ಹೆಜ್ಜೆ ಮುಂದೆ ಹಾಕಿದೆ.

“ನೀ ಸುಮ್ಮನಿರು,” ಎಂದರು ನನ್ನ ಗಂಡ, ನನ್ನತ್ತ ತಿರುಗದೆಯೇ. ಕಾವಲುಗಾರನಿಗೆ ಮೆಲ್ಲಗೆ ಹೇಳಿದರು: “ಹಾ ಸದೀಕ್, ಮೈ ಡ್ರೈವರ್. ಗಲ್ತಿ ಮೇರಾ.” ತಪ್ಪು ನನ್ನದೆಂದು ಹೇಳುವಾಗ ಮುಖದಲ್ಲಿ ಸಣ್ಣ ನಗುವಿತ್ತು. ಆ ಕ್ಷಣ ನನಗೆ ಮ್ಯಾನೇಜರನಿಗಿಂತ ಗಂಡನ ಮೇಲೆಯೇ ಹೆಚ್ಚು ಅಸಹ್ಯವಾಯಿತು. ಇಂಥವನ ಜೊತೆ ಇರಲೆಂದು ನಾನು ವೀಸಾಕ್ಕೆ ಹಾತೊರೆಯುತ್ತಿದ್ದೇನಲ್ಲ ಎನಿಸಿತು.

ಕಾವಲುಗಾರ ಬಾಗಿ ಚಕ್ಕೆ ಎತ್ತಿಕೊಂಡ. ತಿರುಗಿಸಿ ನೋಡಿದ. ಮಜ್ಜಿಗೆ ಮೆತ್ತಿದ ಮೋಟನ್ನು ಕೋಲಿನಿಂದ ತಟ್ಟಿದ. ಆಮೇಲೆ ಭುಜ ಕುಣಿಸುತ್ತ ನಗತೊಡಗಿದ.

“ಪುರಾನಾ ನಹೀ! ಜದೀದ್, ಜದೀದ್! ಯೇ ಸಿಮೆಂಟ್!”

ಹೊಸದು. ಕಲ್ಲೇ ಅಲ್ಲ. ಬೋರ್ಡು ನಿಲ್ಲಿಸಲು ಕೆಲಸಗಾರರು ಸಿಮೆಂಟು ಸುರಿದು ಮಾಡಿದ ಬುಡವಂತೆ. ಸಮುದ್ರದ ಗಾಳಿಗೆ ಬೋರ್ಡು ಹಾರಿಹೋಗಿ ಮೋಟು ಉಳಿದಿತ್ತು. ಆ ಬೋರ್ಡಿನಲ್ಲಿ ಏನು ಬರೆದಿತ್ತೆಂದು ನನ್ನ ಗಂಡ ಕೇಳಿದರು. “ಪತ್ಥರ್ ಕೋ ಹಾಥ್ ನಹೀ ಲಗಾನಾ,” ಎಂದು ಹೇಳಿ ಮುದುಕ ಇನ್ನಷ್ಟು ನಕ್ಕ. ಕಲ್ಲು ಮುಟ್ಟಬೇಡಿ ಎಂಬ ಬೋರ್ಡಿನ ಬುಡಕ್ಕೆ ವಿಭೂತಿ ಹಚ್ಚಿ, ಮಜ್ಜಿಗೆ ಸುರಿದು, ಪ್ರದಕ್ಷಿಣೆ ಹಾಕಿದ್ದೆವು.

ತೊಳೆದು ಹೋಗಿ, ಇಲ್ಲದಿದ್ದರೆ ನೊಣ ಬರುತ್ತವೆ ಎಂದು ಹೇಳಿ ಒಂದು ಬಕೆಟ್ ತೋರಿಸಿ ಅವನು ಹೊರಟುಹೋದ. ನನ್ನ ಗಂಡ ನೀರು ತಂದು ತೊಳೆದರು. ನಾನು ಸಹಾಯ ಮಾಡಲಿಲ್ಲ. ಮ್ಯಾನೇಜರ ಛತ್ರಿಯ ಕೆಳಗೆ ನಿಂತು, “ನನಗೆ ಮೊದಲೇ ಅನುಮಾನ ಇತ್ತು. ಎಲ್ಲಾರೂ ಭಕ್ತಿಯಿಂದ ಮಾಡ್ತಿದ್ರಿ ಅಂತ ಸುಮ್ಮನಾದೆ,” ಎಂದ.

“ಹೌದ್ರಿ ಸರ್.”

ಸಲಾಲಾಕ್ಕೆ ವಾಪಸು ಬರುವಾಗ ಮ್ಯಾನೇಜರ ಎಚ್ಚರವಾಗಿದ್ದ. ತಾನು ಎಂಥ ಮಾತಾಡಿದೆನೆಂದು ಅವನಿಗೂ ಒಳಗೆಲ್ಲೋ ಚುಚ್ಚುತ್ತಿದ್ದಿರಬೇಕು. ಅಥವಾ ಈ ಕಥೆ ಅಲ್ ಖುವೈರ್‌ನ ಕನ್ನಡಿಗರ ಮನೆ ಮನೆಗೆ ಮುಟ್ಟೀತೆಂಬ ಭಯವಿರಬೇಕು. ಎರಡನೆಯದೇ ಎಂದು ನನ್ನ ನಂಬಿಕೆ. ಗಂಟಲು ಸರಿಮಾಡಿಕೊಂಡು ಹೇಳಿದ: “ನೀವು ಬಹಳ ಸಮಯಪ್ರಜ್ಞೆ ತೋರಿಸಿದ್ರಿ. ಮಸ್ಕತ್ ಮುಟ್ಟಿದ ತಕ್ಷಣ ಕಫೀಲ್ ಹತ್ರ ನಾನೇ ಮಾತಾಡ್ತೀನಿ. ನಿಮ್ಮ ಎನ್ಒಸಿ ಆಯ್ತು ಅಂತಾನೇ ತಿಳ್ಕೊಳ್ಳಿ. ಇವತ್ತಿನ ವಿಷಯ ಮಾತ್ರ ಇಲ್ಲಿಗೇ ಖಲಾಸ್, ಏನು?”

“ನೋಡಿದ್ರಾ, ಪೂಜೆಯ ಫಲ!” ಎಂದಳು ಅವನ ಹೆಂಡತಿ.

ಬಯಸಿದ್ದು ಕೈಗೆ ಬಂದಿತ್ತು, ಮುಟ್ಟಲು ಮನಸ್ಸಿರಲಿಲ್ಲ.

ಮಧ್ಯಾಹ್ನ ಅವರಿಬ್ಬರೂ ಬಾಡಿಗೆ ಫ್ಲ್ಯಾಟಿನಲ್ಲಿ ಉಂಡು ಮಲಗಿದರು. ನನ್ನ ಗಂಡ ಕೆಳಗೆ ಪಜೇರೋ ತೊಳೆಯುತ್ತಿದ್ದರು. ಚಹಾ ಮಾಡಿಕೊಂಡು ಇಳಿದೆ. ಲೋಟವನ್ನು ಬಾನೆಟ್ ಮೇಲೆ ಕುಕ್ಕಿದೆ.

“ಡ್ರೈವರ್ ಅಂದಾ. ಅನ್‌ಪಢ್ ಅಂದಾ. ಹೇಂತಿ ಮುಂದ ಅಂದಾ. ನಿಮಗ ಏನೂ ಅನಸಲಿಲ್ಲೇನ್ರಿ?”

ಅವರು ಚಕ್ರಕ್ಕೆ ನೀರು ಬಿಡುತ್ತಲೇ ಇದ್ದರು. “ಏನನಸಬೇಕು?”

“ಸಿಟ್ಟು! ಮನಿಷ್ಯಾರಿಗೆ ಬರ್ತದಲ್ಲ, ಅದು.”

ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಚಹಾ ತೆಗೆದುಕೊಂಡರು. ಹೊತ್ತು ಹೋಗಲೆಂದು ಮಾತಾಡುವವರ ಹಾಗೆ ಹೇಳಿದರು:

“ಸಿಟ್ಟು ಬರಬೇಕಂದ್ರ ಮೊದಲ ಅಂವಾ ನನ್ನ ಕಣ್ಣಾಗ ಒಬ್ಬ ಮನಷ್ಯಾ ಆಗಿರಬೇಕಲ್ಲ? ನೀ ನೋಡು, ಹಗಲೆಲ್ಲಾ ಅಂವನ್ನ ಬೈತಿ. ಅಂವಾ ಏನ ಉಂಡಾ, ಏನ ಅಂದಾ, ಎಲ್ಲಾ ನಿನಗ ಬಾಯಿಪಾಠ. ಎಷ್ಟ ಕಿಮ್ಮತ್ತ ಕೊಡ್ತಿ ಅಂವಗ! ನಾ ಅಂವನ ಮಾತು ಕೇಳೂದು ಬಿಟ್ಟ ಮೂರು ವರ್ಷಾತು. ಬಾಯಿ ಅಲ್ಲಾಡೂದು ಕಾಣಸ್ತೈತಿ. ನಿಂತಕೂಡ್ಲೆ ನಗತೀನಿ, ಹೌದ್ರಿ ಸರ್ ಅಂತೀನಿ. ಇವತ್ತೂ ಹಂಗ. ಡ್ರೈವರ್ ಅಂದಾನೋ, ನಾಯಿ ಅಂದಾನೋ, ನನಗೇನು ಗೊತ್ತು? ನನಗ ಬೇಕಾದ್ದು ನೀ ಇಲ್ಲಿರೂದು. ಅದಾತಲ್ಲ.”

ಅಷ್ಟು ದಿನ ಆ ಮನುಷ್ಯನನ್ನು ನನ್ನಷ್ಟು ತುಚ್ಛವಾಗಿ ಕಂಡವರು ಬೇರೆ ಯಾರೂ ಇಲ್ಲವೆಂದು ನನಗೊಂದು ಹೆಮ್ಮೆ ಇತ್ತು. ನನ್ನದು ಬರೀ ಹೊಟ್ಟೆಯುರಿ. ತಿರಸ್ಕಾರ ಎಂದರೆ ಇದು. ಸದ್ದಿಲ್ಲ, ಬೆವರಿಲ್ಲ, ಸಾವಿರ ಕಿಲೋಮೀಟರ್ ಗಾಡಿ ಓಡಿಸಿದರೂ ಆಯಾಸವಿಲ್ಲ. ಬೆನ್ನುಮೂಳೆ ಇಲ್ಲದವರೆಂದು ನಾನು ಅಂದುಕೊಂಡಿದ್ದವರು ಇವರು. ಹಿಗ್ಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಮೊದಲು ಹಿಗ್ಗಿದೆ.

ಎನ್ಒಸಿ ಬಂತು. ಕೊಟ್ಟ ಮಾತನ್ನು ಮ್ಯಾನೇಜರ ಉಳಿಸಿಕೊಂಡ ಎಂಬುದನ್ನು ಬೇಡದ ಮನಸ್ಸಿನಿಂದ ದಾಖಲಿಸುತ್ತೇನೆ. ಬೀಳ್ಕೊಡುವ ದಿನ ನನ್ನ ಗಂಡನ ಭುಜ ತಟ್ಟಿ, ‘ನನ್ನ ತಮ್ಮನ ಹಾಗೆ’ ಎಂದನಂತೆ. ಇವರು ನಕ್ಕು ಹೌದ್ರಿ ಸರ್ ಎಂದರಂತೆ. ಸೊಹಾರ್‌ನಲ್ಲಿ ಬಾಡಿಗೆ ಹೆಚ್ಚೆಂದು ಹತ್ತಿರದ ಸಹಮ್‌ನಲ್ಲಿ ಮನೆ ಹಿಡಿದೆವು. ಫ್ಯಾಮಿಲಿ ವೀಸಾದ ಮೇಲೆ ನಾನು ಬಂದೆ, ಕಾಯಂ ಆಗಿ. ಹಿಂದೆ ಖರ್ಜೂರದ ತೋಟ, ಮುಂದೆ ಅಂಗಡಿಸಾಲು. ನಾಲ್ಕು ವರ್ಷ ಫೋನಿನಲ್ಲಿ ಆಡಲಾಗದೆ ಉಳಿದ ಮಾತೆಲ್ಲ ನನ್ನ ಹತ್ತಿರ ಇತ್ತು. ಒಂದೊಂದಾಗಿ ಆಡತೊಡಗಿದೆ. ಅಂಗಡಿಯವನ ಮೋಸ, ಪಕ್ಕದ ಮನೆಯವಳ ಜಂಬ, ಊರಿನಲ್ಲಿ ಅತ್ತೆ ಅಂದದ್ದು, ನಾನು ತಿರುಗಿ ಅಂದದ್ದು. ಅವರು ಒಂದು ದಿನವೂ ಎದುರಾಡಲಿಲ್ಲ, ಬೇಸರಪಡಲಿಲ್ಲ. ನಾನು ಮಾತು ನಿಲ್ಲಿಸಿದ ಕೂಡಲೆ ನಕ್ಕು, “ಹೌದು, ನೀ ಅನ್ನೂದು ಖರೆ ಐತಿ,” ಅನ್ನುತ್ತಾರೆ. ಇಂಥ ಗಂಡ ಸಿಗಬೇಕೆಂದರೆ ಪುಣ್ಯ ಮಾಡಿರಬೇಕು ಎನ್ನುತ್ತಾಳೆ ನನ್ನ ತಂಗಿ.

ಒಮ್ಮೊಮ್ಮೆ ಮಾತಿನ ನಡುವೆ ತಟ್ಟನೆ ನಿಲ್ಲಿಸಿ, “ಈಗ ನಾ ಏನಂದೆ, ಹೇಳ್ರಿ ನೋಡೂಣು,” ಎಂದು ಕೇಳುತ್ತೇನೆ. ಇಲ್ಲಿಯವರೆಗೆ ಒಂದು ಸಲವೂ ಅವರು ಸರಿಯಾಗಿ ಹೇಳಿಲ್ಲ.